‘ನಿಲ್ಲು’ ಅಂದರೂ ನಿಲ್ಲದ ಪ್ರೊಸೆಸ್

ದ್ರಾಕ್ಷಿ ಕಟಾವಿನ ದಿನಗಳಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಬೆಳೆಗಾರರ ಫೋನಿಗೆ ಬಿಡುವಿಲ್ಲ. ಮೋಡ ಕವಿದರೆ ಹವಾಮಾನದ ಆ್ಯಪ್ ತೆರೆಯಬೇಕು, ವ್ಯಾಪಾರಿ ಬಂದರೆ ತೂಕದ ಚೀಟಿಯ ಫೋಟೊ ತೆಗೆಯಬೇಕು, ಸಂಜೆ ಆಳುಗಳ ಪಗಾರವನ್ನು ಯುಪಿಐನಲ್ಲಿ ಹಾಕಬೇಕು, ನಡುವೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಣದ್ರಾಕ್ಷಿಯ ದರ ನೋಡಬೇಕು. ತೆರೆದ ಆ್ಯಪ್ ಹತ್ತಾದರೂ ಕಣ್ಣ ಮುಂದಿರುವುದು ಒಂದೇ. ಉಳಿದ ಒಂಬತ್ತು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತವೆ?

ಈಚಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಏನೂ ಮಾಡುತ್ತಿರುವುದಿಲ್ಲ. ಹಿನ್ನೆಲೆಗೆ ಸರಿದ ಆ್ಯಪನ್ನು ಸ್ವಲ್ಪ ಹೊತ್ತಿನ ನಂತರ ಆಪರೇಟಿಂಗ್ ಸಿಸ್ಟಂ ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಆ್ಯಪ್ ಸತ್ತಿಲ್ಲ. ಅದರ ನೆನಪೆಲ್ಲ ಫೋನಿನ ಮೆಮೊರಿಯಲ್ಲಿ ಹಾಗೆಯೇ ಉಳಿದಿದೆ. ಆದರೆ ಸಿಪಿಯುವಿನ ಒಂದು ಕ್ಷಣವೂ ಅದಕ್ಕೆ ಸಿಗುವುದಿಲ್ಲ. ಬೆರಳು ತಾಗಿಸಿದರೆ ಬಿಟ್ಟ ಜಾಗದಿಂದಲೇ ಮತ್ತೆ ಓಡುತ್ತದೆ. ಇದಕ್ಕೆ ಫ್ರೀಜ್ ಮಾಡುವುದು ಎನ್ನುತ್ತಾರೆ. ‘ಆ್ಯಪ್ ಹ್ಯಾಂಗ್ ಆತು’ ಎಂದು ವಿಜಯಪುರದ ಮಂದಿ ಬೈಯುವ ಸಂಗತಿಯೇ ಬೇರೆ, ಅದು ಎಡವಟ್ಟು. ಇದು ಬೇಕೆಂದೇ, ಬ್ಯಾಟರಿ ಉಳಿಸಲು ಮಾಡುವ ಕೆಲಸ.

ಇದೇ ಉಪಾಯ ದೊಡ್ಡ ಸರ್ವರ್‌ಗಳಲ್ಲೂ ನಡೆಯುತ್ತದೆ. ಅಲ್ಲಿ ನಿಲ್ಲುವುದು ಒಂದು ಆ್ಯಪ್ ಅಲ್ಲ, ನೂರಾರು ಪ್ರೊಸೆಸ್‌ಗಳಿರುವ ಇಡೀ ಕಂಟೇನರ್. ನಿಲ್ಲಿಸುವುದರಲ್ಲಿ ಏನು ಕಷ್ಟ ಎಂದು ಯಾರಿಗಾದರೂ ಅನ್ನಿಸಬಹುದು. ಕಷ್ಟ ಇದೆ. 2008ರಿಂದ 2019ರವರೆಗೆ, ಹನ್ನೊಂದು ವರ್ಷ, ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಇದ್ದ ವ್ಯವಸ್ಥೆ ಪೂರ್ತಿ ನಂಬುವಂತೆ ಇರಲಿಲ್ಲ. ಅದರ ಮೇಲೆ ಕಟ್ಟಿದ ತಂತ್ರಾಂಶಗಳು ಆ ಅಪನಂಬಿಕೆಯನ್ನು ಒಪ್ಪಿಕೊಂಡೇ ದಾರಿ ಹುಡುಕಿದವು. ಆ ಹುಡುಕಾಟದ ಕೆಲವು ಮುಖ್ಯ ಹೆಜ್ಜೆಗಳು ಕರ್ನಾಟಕದಲ್ಲೇ ಬಿದ್ದಿವೆ.

ಯಾರನ್ನು ನಿಲ್ಲಿಸಬೇಕು, ಯಾಕೆ

ಓಡುತ್ತಿರುವ ಪ್ರೋಗ್ರಾಂ ಎಂದರೆ ಪ್ರೊಸೆಸ್. ಒಂದಿಷ್ಟು ಪ್ರೊಸೆಸ್‌ಗಳನ್ನು ಗುಂಪು ಮಾಡಿ, ಅವುಗಳಿಗೆ ತಮ್ಮದೇ ಕಡತಗಳು, ತಮ್ಮದೇ ನೆಟ್‌ವರ್ಕ್, ಇಷ್ಟೇ ಮೆಮೊರಿ, ಇಷ್ಟೇ ಸಿಪಿಯು ಎಂದು ಗೆರೆ ಹಾಕಿಕೊಟ್ಟರೆ ಅದು ಕಂಟೇನರ್. ಒಳಗಿನ ಪ್ರೊಸೆಸ್‌ಗೆ ತಾನೊಂದು ಪ್ರತ್ಯೇಕ ಕಂಪ್ಯೂಟರಿನಲ್ಲಿ ಇದ್ದೇನೆ ಎಂಬಂತೆ ಕಾಣುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಯಂತ್ರ, ಒಂದೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು). ಡಾಕರ್, ಕುಬರ್ನೆಟಿಸ್ ಎಂಬ ಹೆಸರುಗಳನ್ನು ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಅವು ಕಂಟೇನರ್‌ಗಳನ್ನು ಕಟ್ಟಿ ನಡೆಸುವ ಸಾಧನಗಳು.

ಓಡುತ್ತಿರುವ ಕಂಟೇನರನ್ನು ನಡುವೆ ನಿಲ್ಲಿಸುವ ಅಗತ್ಯ ಹಲವು ಸಲ ಬರುತ್ತದೆ. ಡಾಕರ್‌ನಲ್ಲಿ ‘ಕಮಿಟ್’ ಕೊಟ್ಟು ಕಂಟೇನರಿನ ಪ್ರತಿ ತೆಗೆಯುವಾಗ, ಬೇಡ ಎಂದು ಹೇಳದಿದ್ದರೆ ಅದು ಮೊದಲು ಎಲ್ಲವನ್ನೂ ನಿಲ್ಲಿಸುತ್ತದೆ. ಬರೆಯುತ್ತಿರುವ ಕಡತವನ್ನು ಅರ್ಧಕ್ಕೆ ನಕಲು ಮಾಡಿದರೆ ಆ ಪ್ರತಿ ಕೆಲಸಕ್ಕೆ ಬಾರದು. ಪಾವೆಲ್ ಎಮೆಲ್ಯಾನೋವ್ 2011ರಲ್ಲಿ ಶುರುಮಾಡಿದ ಸಿಆರ್‌ಐಯು ಎಂಬ ಸಾಧನ ಓಡುತ್ತಿರುವ ಕಂಟೇನರನ್ನು ಪೂರ್ತಿ ಡಿಸ್ಕಿಗೆ ಇಳಿಸಿ, ಇನ್ನೊಂದು ಯಂತ್ರದಲ್ಲಿ ಎಬ್ಬಿಸುತ್ತದೆ. ಅದಕ್ಕೂ ಮೊದಲು ನಿಲುಗಡೆ ಬೇಕು. ಕುಬರ್ನೆಟಿಸ್ 2022ರ 1.25ನೇ ಆವೃತ್ತಿಯಿಂದ, ದಾಳಿಗೆ ಒಳಗಾಗಿರಬಹುದಾದ ಕಂಟೇನರಿನ ಸ್ಥಿತಿಯನ್ನು ತನಿಖೆಗೆಂದು ಹಿಡಿದಿಡುವ ಸೌಲಭ್ಯ ಕೊಟ್ಟಿದೆ. ಅದು ನಿಂತಿರುವುದೂ ಇದೇ ತಳಪಾಯದ ಮೇಲೆ. ಹಳೆಯ ಕರ್ನಲ್‌ಗಳಲ್ಲಿ ಕಂಟೇನರಿನ ಎಲ್ಲ ಪ್ರೊಸೆಸ್‌ಗಳನ್ನು ಕೊಲ್ಲುವಾಗಲೂ ಮೊದಲು ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಇಲ್ಲಿ ಒಂದನ್ನು ಮುಗಿಸುವಷ್ಟರಲ್ಲಿ ಅಲ್ಲಿ ಇನ್ನೊಂದು ಹುಟ್ಟಿರುತ್ತದೆ.

ಯುನಿಕ್ಸ್ ಕಾಲದಿಂದ ಇರುವ ‘ಸಿಗ್‌ಸ್ಟಾಪ್’ ಸಂಕೇತ ಸಾಲದೇ? ಸಾಲದು. ಅದರ ಕೊರತೆಯನ್ನು ಲಿನಕ್ಸ್ ಕರ್ನಲ್ಲಿನ ಕೈಪಿಡಿಯೇ ಒಂದು ಸಣ್ಣ ಉದಾಹರಣೆಯಿಂದ ತೋರಿಸುತ್ತದೆ. ಒಂದು ಬ್ಯಾಷ್ ಶೆಲ್ಲಿನೊಳಗೆ ಇನ್ನೊಂದು ಬ್ಯಾಷ್ ತೆರೆಯಿರಿ. ಬೇರೊಂದು ಶೆಲ್ಲಿನಿಂದ ಒಳಗಿನದಕ್ಕೆ ‘ನಿಲ್ಲು’ ಎಂಬ ಸಂಕೇತ, ನಂತರ ‘ನಡೆ’ ಎಂಬ ಸಂಕೇತ ಕಳಿಸಿರಿ. ನಿಂತು ಮುಂದುವರಿಯಬೇಕಾದ ಶೆಲ್ ಮುಚ್ಚಿಕೊಳ್ಳುತ್ತದೆ, ಜೊತೆಗೆ ತನ್ನ ತಾಯಿ ಶೆಲ್ಲನ್ನೂ ಮುಚ್ಚಿಸುತ್ತದೆ. ಕಾರಣ, ಮಗು ನಿಂತದ್ದು ತಾಯಿ ಪ್ರೊಸೆಸ್‌ಗೆ ಕಾಣುತ್ತದೆ. ‘ನಡೆ’ ಎಂಬ ಸಂಕೇತ ನಿಂತ ಪ್ರೊಸೆಸ್‌ಗೂ ಕಾಣುತ್ತದೆ. ಕಂಡದ್ದಕ್ಕೆ ಅವು ತಮ್ಮ ತಮ್ಮ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆ. ಬೇಕಾದದ್ದು ನಿಂತವರಿಗೂ ಸುತ್ತಲಿನವರಿಗೂ ಗೊತ್ತಾಗದಂಥ ನಿಲುಗಡೆ.

ಬೆಂಗಳೂರಿನಲ್ಲಿ ಬರೆದ ಸಾಲುಗಳು

ಅಂಥ ನಿಲುಗಡೆಯ ಯಂತ್ರಾಂಗ ಲಿನಕ್ಸ್‌ನಲ್ಲಿ ಬೇರೊಂದು ಕಾರಣಕ್ಕೆ ಮೊದಲೇ ಇತ್ತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಅದನ್ನು ಮಲಗಿಸುವಾಗ ಎಲ್ಲ ಪ್ರೊಸೆಸ್‌ಗಳನ್ನೂ ಒಮ್ಮೆಗೆ ನಿಲ್ಲಿಸಬೇಕಾಗುತ್ತದೆ. ಅದಕ್ಕೆಂದು ಬರೆದ ಭಾಗಕ್ಕೆ ಫ್ರೀಜರ್ ಎಂದು ಹೆಸರು. ಪ್ರೊಸೆಸ್ ಹೋಗಿ ನಿಲ್ಲುವ ಫಂಕ್ಷನ್ನಿಗೆ ಕರ್ನಲ್ ಬರೆದವರು ಇಟ್ಟ ಹೆಸರು ‘ರೆಫ್ರಿಜರೇಟರ್’.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಒಂದಿದೆ. ಕರ್ನಲ್ ಪ್ರೊಸೆಸನ್ನು ಕುತ್ತಿಗೆ ಹಿಡಿದು ನಿಲ್ಲಿಸುವುದಿಲ್ಲ. ‘ನಿಲ್ಲಬೇಕು’ ಎಂದು ಗುರುತು ಹಾಕಿ, ಮಲಗಿದ್ದರೆ ಎಬ್ಬಿಸುತ್ತದೆ. ಪ್ರೊಸೆಸ್ ತಾನಾಗಿ ಒಂದು ಸುರಕ್ಷಿತ ಜಾಗಕ್ಕೆ ಬಂದು, ಗುರುತು ನೋಡಿ, ರೆಫ್ರಿಜರೇಟರಿನೊಳಗೆ ಹೋಗಬೇಕು. ಯಾಕೆಂದರೆ ಕರ್ನಲ್ಲಿನ ನಡುವೆ ಬೀಗವೊಂದನ್ನು ಹಿಡಿದಿರುವಾಗ ಅದನ್ನು ನಿಲ್ಲಿಸಿಬಿಟ್ಟರೆ ಆ ಬೀಗ ಬೇಕಾದ ಉಳಿದವರೆಲ್ಲ ಸಿಕ್ಕಿಬೀಳುತ್ತಾರೆ. ಹೀಗಾಗಿ ನಿಲ್ಲಿಸುವುದು ಎಂದರೆ ಆಜ್ಞೆಗಿಂತ ಹೆಚ್ಚಾಗಿ ವಿನಂತಿ. ಎಲ್ಲರೂ ಬಂದು ನಿಲ್ಲದಿದ್ದರೆ ಕರ್ನಲ್ 20 ಸೆಕೆಂಡು ಕಾಯ್ದು, ಕೈಬಿಟ್ಟು, ‘20 ಸೆಕೆಂಡಿನಲ್ಲಿ ನಿಲ್ಲಿಸಲಾಗಲಿಲ್ಲ’ ಎಂದು ತನ್ನ ದಾಖಲೆಯಲ್ಲಿ ಬರೆದು, ಎಲ್ಲವನ್ನೂ ಮತ್ತೆ ಓಡಿಸುತ್ತದೆ. ಮುಚ್ಚಳ ಹಾಕಿ ಚೀಲದಲ್ಲಿಟ್ಟ ಲಿನಕ್ಸ್ ಲ್ಯಾಪ್‌ಟಾಪ್ ಕೆಲವೊಮ್ಮೆ ಬಿಸಿಯಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

2006–07ರಲ್ಲಿ ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡ ಕರ್ನಲ್ಲಿನ ಅತ್ಯಂತ ಸೂಕ್ಷ್ಮ ಭಾಗಗಳಲ್ಲಿ ಕೆಲಸ ಮಾಡುತ್ತಿತ್ತು. ಯಂತ್ರ ಓಡುತ್ತಿರುವಾಗಲೇ ಒಂದು ಸಿಪಿಯುವನ್ನು ತೆಗೆಯುವುದು, ಸೇರಿಸುವುದು ಅದರಲ್ಲೊಂದು. ಸಿಪಿಯು ಮಾಯವಾಗುವ ಹೊತ್ತಿನಲ್ಲಿ ಸಿಪಿಯುಗಳ ಪಟ್ಟಿಯನ್ನು ಯಾರೋ ಓದುತ್ತಿದ್ದರೆ ಅನಾಹುತ. 2007ರ ಫೆಬ್ರವರಿಯಲ್ಲಿ ಐಬಿಎಂ ಇಂಡಿಯಾದ ಗೌತಮ್ ಆರ್. ಶೆಣೈ ಒಂದು ಪ್ರಯೋಗದ ಪ್ಯಾಚ್ ಮುಂದಿಟ್ಟರು: ಎಲ್ಲರನ್ನೂ ಫ್ರೀಜರಿನಿಂದ ನಿಲ್ಲಿಸೋಣ, ಸಿಪಿಯು ತೆಗೆಯೋಣ, ಮತ್ತೆ ಎಲ್ಲರನ್ನೂ ಓಡಿಸೋಣ. ಯೋಚನೆ ನೇರವಾಗಿತ್ತು. ಆದರೆ ಎಲ್ಲರನ್ನೂ ನಿಲ್ಲಿಸುವುದು ಎಷ್ಟು ತೊಡಕಿನದು ಎಂಬುದು ಚರ್ಚೆಯಲ್ಲಿ ಬಿಚ್ಚಿಕೊಳ್ಳುತ್ತ ಹೋಯಿತು. ಕೊನೆಗೆ ಕರ್ನಲ್ ಒಪ್ಪಿಕೊಂಡದ್ದು ಬೇರೆ ದಾರಿಯನ್ನು, ಅದನ್ನೂ ಬರೆದವರು ಶೆಣೈ ಅವರೇ. ಪಟ್ಟಿ ಓದುವವರು ಎಷ್ಟು ಮಂದಿ ಎಂಬ ಎಣಿಕೆ ಇಡುವುದು. ಅವರು ಓದಿ ಮುಗಿಸುವವರೆಗೆ ಸಿಪಿಯು ತೆಗೆಯುವವರು ಕಾಯುವುದು. 2008ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 2.6.25ನೇ ಆವೃತ್ತಿಯಲ್ಲಿ ಇದು ಬಂತು. ನಿಲುಗಡೆಯನ್ನು ನಂಬಲಾಗದಿದ್ದಾಗ, ನಿಲ್ಲಿಸುವ ಅಗತ್ಯವೇ ಬಾರದಂತೆ ಕೆಲಸವನ್ನು ಮರುಜೋಡಿಸುವುದು ಎಲ್ಲಕ್ಕಿಂತ ಗಟ್ಟಿಯಾದ ಪರಿಹಾರ.

ಕಂಟೇನರ್‌ಗಳ ಅಡಿಪಾಯವಾದ, ಪ್ರೊಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ಸಿಗ್ರೂಪ್ ವ್ಯವಸ್ಥೆಯಲ್ಲೂ ಈ ತಂಡದ ಪಾಲು ದೊಡ್ಡದು. ಗೂಗಲ್‌ನ ಪಾಲ್ ಮೆನೇಜ್ ಮುಂದಾಳತ್ವದಲ್ಲಿ ಬಂದ ಸಿಗ್ರೂಪ್ 2008ರ ಜನವರಿಯ 2.6.24ನೇ ಆವೃತ್ತಿಯಲ್ಲಿ ಸೇರಿತು. ಪ್ರೊಸೆಸ್‌ಗಳ ಗುಂಪುಗಳ ನಡುವೆ ಸಿಪಿಯು ಹಂಚುವ ಭಾಗವನ್ನು ಬರೆದವರು ಶ್ರೀವತ್ಸ ವಡ್ಡಗಿರಿ, ಮೆಮೊರಿಗೆ ಮಿತಿ ಹಾಕುವ ಭಾಗವನ್ನು ಬರೆದವರು ಬಲಬೀರ್ ಸಿಂಗ್. ಕರ್ನಲ್ಲಿನ ಆ ಕಡತಗಳ ತಲೆಯಲ್ಲಿ ಇಬ್ಬರ ಹೆಸರೂ 2007ರ ಐಬಿಎಂ ಹಕ್ಕಿನ ಸಾಲಿನ ಜೊತೆ ಇವತ್ತಿಗೂ ಇವೆ. 2011ರಲ್ಲಿ ಅದೇ ಕೇಂದ್ರದ ಶ್ರೀವತ್ಸ ಎಸ್. ಭಟ್ ಫ್ರೀಜರ್ ಮತ್ತು ಸಿಪಿಯು ತೆಗೆಯುವ ಕೆಲಸ ಒಂದೇ ಹೊತ್ತಿಗೆ ನಡೆದರೆ ಆಗುವ ಗೊಂದಲವನ್ನು ಸರಿಪಡಿಸಿದರು: ಫ್ರೀಜರ್ ಶುರುವಾಗುವ ಮೊದಲು ಸಿಪಿಯು ತೆಗೆಯುವುದಕ್ಕೆ ತಡೆ, ಎಲ್ಲರೂ ಮತ್ತೆ ಓಡಿದ ಮೇಲೆ ತಡೆ ತೆರವು.

ಅರ್ಧದಲ್ಲಿ ಸಿಕ್ಕಿಕೊಳ್ಳುವ ನಿಲುಗಡೆ

ಲ್ಯಾಪ್‌ಟಾಪಿಗೆಂದು ಇದ್ದ ಫ್ರೀಜರನ್ನು ಒಂದೊಂದು ಗುಂಪಿಗೆ ಬೇರೆಬೇರೆಯಾಗಿ ಬಳಸುವ ಸೌಲಭ್ಯ 2008ರ ಡಿಸೆಂಬರಿನ 2.6.28ನೇ ಆವೃತ್ತಿಯಲ್ಲಿ ಬಂತು. ಬಳಸುವ ಕ್ರಮ ಸರಳ. ‘ಫ್ರೀಜರ್.ಸ್ಟೇಟ್’ ಎಂಬ ಕಡತಕ್ಕೆ ‘ಫ್ರೋಜನ್’ ಎಂದು ಬರೆದರೆ ಗುಂಪು ನಿಲ್ಲಬೇಕು, ‘ಥಾಡ್’ ಎಂದು ಬರೆದರೆ ಮತ್ತೆ ಓಡಬೇಕು. ಆದರೆ ಅದೇ ಕಡತವನ್ನು ಓದಿದಾಗ ಮೂರನೆಯ ಉತ್ತರವೊಂದು ಬರಬಹುದು: ‘ಫ್ರೀಜಿಂಗ್’. ಅಂದರೆ ಕೆಲವರು ನಿಂತಿದ್ದಾರೆ, ಕೆಲವರು ಇನ್ನೂ ಇಲ್ಲ. ತೊಂದರೆ ಇರುವುದು ಈ ಮೂರನೆಯ ಉತ್ತರದಲ್ಲಿ. ಅದು ಒಂದು ಕ್ಷಣ ಇರಬಹುದು, ಎಂದೆಂದಿಗೂ ಹಾಗೆಯೇ ಉಳಿಯಲೂಬಹುದು.

ಹೀಗಾಗಲು ಕಾರಣಗಳು ಹಲವು. ಮೊದಲನೆಯದು ಗುಂಪಿನೊಳಗೆ ಹೊಸ ಪ್ರೊಸೆಸ್‌ಗಳು ಬರುತ್ತಲೇ ಇರುವುದು. ವಿಜಯಪುರದ ಆದಿಲ್‌ಶಾಹಿ ಕೋಟೆಗೆ ಐದು ದೊಡ್ಡ ಬಾಗಿಲುಗಳಿವೆ. ಒಳಗಿರುವವರೆಲ್ಲ ಇದ್ದಲ್ಲೇ ನಿಲ್ಲಬೇಕು ಎಂದು ಡಂಗುರ ಸಾರಿ ತಲೆ ಎಣಿಸಲು ಹೊರಟವನಿಗೆ, ಐದೂ ಬಾಗಿಲಿನಿಂದ ಜನ ಒಳಗೆ ಬರುತ್ತಲೇ ಇದ್ದರೆ ಲೆಕ್ಕ ಎಂದಿಗೂ ಮುಗಿಯುವುದಿಲ್ಲ. ಕಂಟೇನರಿನೊಳಗಿನ ಪ್ರೊಸೆಸ್ ಮಕ್ಕಳನ್ನು ಹುಟ್ಟಿಸುತ್ತಿರಬಹುದು. ಹೊರಗಿನಿಂದ ಯಾರೋ ಆ ಕಂಟೇನರಿನಲ್ಲಿ ಹೊಸ ಆದೇಶ ಓಡಿಸುತ್ತಿರಬಹುದು. ಎರಡೂ ಬಾಗಿಲುಗಳೇ.

ಎರಡನೆಯದು ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು. ‘ವಿಫೋರ್ಕ್’ ಎಂಬ ವಿಧಾನದಲ್ಲಿ ಮಗುವನ್ನು ಹುಟ್ಟಿಸಿದ ತಾಯಿ ಪ್ರೊಸೆಸ್, ಮಗು ಹೊಸ ಪ್ರೋಗ್ರಾಂ ಶುರುಮಾಡುವವರೆಗೆ ಅಲುಗಾಡದೆ ಕಾಯುತ್ತದೆ. ಮಗು ಮೊದಲೇ ನಿಂತುಬಿಟ್ಟರೆ ತಾಯಿ ಸುರಕ್ಷಿತ ಜಾಗಕ್ಕೆ ಬರುವುದೇ ಇಲ್ಲ. ಇದಕ್ಕೆ ಕರ್ನಲ್ ಬರೆದವರು ಕಂಡುಕೊಂಡ ಉಪಾಯ, ಕಾಯಲು ಕೂತ ಪ್ರೊಸೆಸ್ ‘ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಮೊದಲೇ ಹೇಳಿಡುವುದು, ಎದ್ದ ಕೂಡಲೇ ತಾನಾಗಿ ಬಂದು ನಿಲ್ಲುವುದು. ಹೇಳಿಡಲು ಮರೆತ ಪ್ರತಿ ಜಾಗವೂ ಒಂದೊಂದು ದೋಷವಾಗಿ ಹೊರಬಿತ್ತು. ವರ್ಷಗಟ್ಟಲೆ ಹೀಗೆ ಹೊಲಿದ ತೇಪೆಗಳನ್ನು ಬಿಚ್ಚಿ ಪೀಟರ್ ಝೈಲ್‌ಸ್ಟ್ರಾ ಫ್ರೀಜರಿನ ಒಡಲನ್ನೇ ಹೊಸದಾಗಿ ಬರೆದರು. ಅದು 2022ರ 6.1ನೇ ಆವೃತ್ತಿಯಲ್ಲಿ ಬಂತು.

ಮೂರನೆಯದು ‘ಡಿ’ ಸ್ಥಿತಿ. ಡಿಸ್ಕಿನಿಂದಲೋ ದೂರದ ಕಡತ ಸರ್ವರಿನಿಂದಲೋ ಉತ್ತರ ಬರಲಿ ಎಂದು ಕಾಯುವ ಪ್ರೊಸೆಸ್ ಯಾವ ಸಂಕೇತಕ್ಕೂ ಓಗೊಡದ ಸ್ಥಿತಿಗೆ ಹೋಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಎನ್‌ಎಫ್‌ಎಸ್ ಮೂಲಕ ಹಂಚಿದ ಫೋಲ್ಡರನ್ನು ತೆರೆದಿಟ್ಟುಕೊಂಡಾಗ ಆ ಸರ್ವರಿನ ಕರೆಂಟ್ ಹೋದರೆ, ಅದನ್ನು ಓದುತ್ತಿದ್ದ ಪ್ರೊಸೆಸ್ ಹೀಗೆ ಕಾಯುತ್ತಲೇ ಇರಬಹುದು. ಹಾಗಿರುವಾಗ ಅದನ್ನು ನಿಲ್ಲಿಸುವುದು ಕಷ್ಟ, ಕೆಲವೊಮ್ಮೆ ಕೊಲ್ಲುವುದೂ ಕಷ್ಟ.

ಇನ್ನೊಂದು ಅಪಾಯವೂ ಇತ್ತು. ಹಳೆಯ ವ್ಯವಸ್ಥೆಯಲ್ಲಿ ನಿಂತ ಪ್ರೊಸೆಸ್‌ಗೆ ಕೊಲ್ಲುವ ಸಂಕೇತ ಕಳಿಸಿದರೂ, ಮತ್ತೆ ಓಡಿಸುವವರೆಗೆ ಅದು ಸಾಯುವುದಿಲ್ಲ. ಹಾಗಾಗಿ ಅರ್ಧಕ್ಕೆ ನಿಂತ ಕಂಟೇನರನ್ನು ಹಾಗೇ ಬಿಟ್ಟು ಹೋದರೆ ಅದು ಕೆಲಸವನ್ನೂ ಮಾಡದೆ, ತೆಗೆದುಹಾಕಲೂ ಬಾರದೆ ಯಂತ್ರದ ಮೆಮೊರಿಯನ್ನು ಹಿಡಿದು ಕೂರುತ್ತದೆ.

ಸಾವಿರ ಸಲ ಕೇಳುವ ರನ್‌ಸಿ

ಡಾಕರ್, ಕುಬರ್ನೆಟಿಸ್‌ಗಳ ಅಡಿಯಲ್ಲಿ ಕಂಟೇನರನ್ನು ನಿಜವಾಗಿ ಹುಟ್ಟಿಸುವ ಪುಟ್ಟ ತಂತ್ರಾಂಶ ರನ್‌ಸಿ. ಅದಕ್ಕೆ ಈ ನಿಲುಗಡೆ ಬೇಕಾದ ಒಂದು ಸಂದರ್ಭ ಕುತೂಹಲದ್ದು. ಕಂಟೇನರ್ ಯಾವ ಯಾವ ಸಾಧನಗಳನ್ನು ಮುಟ್ಟಬಹುದು ಎಂಬ ನಿಯಮವನ್ನು ಬದಲಿಸುವಾಗ, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿ ಮೊದಲು ‘ಎಲ್ಲವೂ ನಿಷಿದ್ಧ’ ಎಂದು ಬರೆದು, ನಂತರ ಒಂದೊಂದನ್ನೇ ಅನುಮತಿಸುತ್ತದೆ. ಈ ಎರಡರ ನಡುವಿನ ಕಣ್ಣೆವೆಯಷ್ಟು ಹೊತ್ತಿನಲ್ಲಿ ಒಳಗಿನ ಪ್ರೋಗ್ರಾಂ, ಸದಾ ಸಿಗಬೇಕಾದ ‘ನಲ್’ ಸಾಧನವನ್ನು ತೆರೆಯಲು ಹೋದರೂ ‘ಅನುಮತಿ ಇಲ್ಲ’ ಎಂಬ ಉತ್ತರ ಸಿಕ್ಕು ಕುಸಿಯಬಹುದು. ಅದಕ್ಕೇ ನಿಯಮ ಬದಲಾಗುವಷ್ಟು ಹೊತ್ತು ಕಂಟೇನರನ್ನು ನಿಲ್ಲಿಸುವ ಕ್ರಮವನ್ನು 2020ರಲ್ಲಿ ತಂದರು. ಒಂದು ತೊಂದರೆಗೆ ಮದ್ದಾಗಿ ಬಂದ ನಿಲುಗಡೆಯೇ ತಾನು ನಂಬಲರ್ಹವಲ್ಲದಿದ್ದರೆ?

ರನ್‌ಸಿ ಬರೆದವರು ಇದಕ್ಕೆ ಕೊಟ್ಟ ಉತ್ತರವನ್ನು ಅದರ ಮೂಲ ಕೋಡಿನಲ್ಲೇ ಓದಬಹುದು. ಸಿಗ್ರೂಪ್‌ನ ಹಳೆಯ, ಅಂದರೆ ಮೊದಲ ಆವೃತ್ತಿ ಇರುವ ಯಂತ್ರದಲ್ಲಿ ಅದು ‘ಫ್ರೋಜನ್’ ಎಂದು ಬರೆದು, ಸ್ಥಿತಿಯನ್ನು ಓದಿ ನೋಡುತ್ತದೆ. ‘ಫ್ರೀಜಿಂಗ್’ ಎಂದಿದ್ದರೆ ಮತ್ತೆ ಬರೆಯುತ್ತದೆ, ಮತ್ತೆ ಓದುತ್ತದೆ. ಹೀಗೆ ಸಾವಿರ ಸಲದವರೆಗೆ. ಐವತ್ತು ಸುತ್ತಿಗೊಮ್ಮೆ ಎಲ್ಲವನ್ನೂ ಬಿಟ್ಟು ಓಡಿಸಿ, 10 ಮಿಲಿಸೆಕೆಂಡು ಸುಮ್ಮನಿದ್ದು ಹೊಸದಾಗಿ ಶುರುಮಾಡುತ್ತದೆ. ಇಪ್ಪತ್ತೈದು ಸುತ್ತಿಗೊಮ್ಮೆ ಓದುವ ಮೊದಲು 10 ಮೈಕ್ರೊಸೆಕೆಂಡು ತಡೆಯುತ್ತದೆ. ಈ ಅಂಕಿಗಳು ಯಾವುದೋ ಸೂತ್ರದಿಂದ ಬಂದವಲ್ಲ. ರೆಡ್ ಹ್ಯಾಟ್ 7, ಉಬುಂಟು 20.04ರ ಕರ್ನಲ್‌ಗಳಲ್ಲಿ ಪ್ರಯೋಗ ಮಾಡಿ ಆರಿಸಿದ್ದು ಎಂದು ಬರೆದವರೇ ಟಿಪ್ಪಣಿ ಹಾಕಿದ್ದಾರೆ. ಇದು ಇನ್ನೂ ಅದೃಷ್ಟದ ಮಾತೇ, ನಿಜವಾದ ಪರಿಹಾರ ಕರ್ನಲ್ಲಿನಲ್ಲಿ ಆಗಬೇಕು ಎಂದೂ ಅಲ್ಲೇ ಒಪ್ಪಿಕೊಂಡಿದ್ದಾರೆ.

ಆ ಕೋಡಿನ ಅತ್ಯಂತ ಬೆಲೆಯುಳ್ಳ ಭಾಗ ಸೋಲಿನ ಸಾಲುಗಳು. ಸಾವಿರ ಸಲವೂ ಆಗದಿದ್ದರೆ ರನ್‌ಸಿ ಕಂಟೇನರನ್ನು ಅರ್ಧಕ್ಕೆ ಬಿಟ್ಟು ಹೊರಡುವುದಿಲ್ಲ. ಮೊದಲು ಅದನ್ನು ಮತ್ತೆ ಓಡುವ ಸ್ಥಿತಿಗೆ ತರಲು ಯತ್ನಿಸಿ, ಆಮೇಲೆ ‘ನಿಲ್ಲಿಸಲಾಗಲಿಲ್ಲ’ ಎಂದು ವರದಿ ಮಾಡುತ್ತದೆ.

ಬೇರೆ ಸಾಧನಗಳೂ ತಮ್ಮ ತಮ್ಮ ಲೆಕ್ಕ ಹಾಕಿಕೊಂಡಿವೆ. ಉಬುಂಟುವಿನಲ್ಲಿ ಸ್ನ್ಯಾಪ್ ತಂತ್ರಾಂಶಗಳನ್ನು ನೋಡಿಕೊಳ್ಳುವ ಸ್ನ್ಯಾಪ್‌ಡಿ ಹಳೆಯ ವ್ಯವಸ್ಥೆಯಲ್ಲಿ 100 ಮಿಲಿಸೆಕೆಂಡಿಗೊಮ್ಮೆಯಂತೆ ಮೂವತ್ತು ಸಲ ನೋಡಿ, ಸುಮಾರು 3 ಸೆಕೆಂಡಿನಲ್ಲಿ ಆಗದಿದ್ದರೆ ಹಿಂದೆ ಸರಿಯುತ್ತದೆ. ಸಿಆರ್‌ಐಯು ಫ್ರೀಜರ್ ಇಲ್ಲದೆಯೂ ಕೆಲಸ ಮಾಡಬಲ್ಲದು: ಡೀಬಗ್ಗರ್‌ಗಳು ಬಳಸುವ ‘ಪಿಟ್ರೇಸ್’ನಿಂದ ಒಂದೊಂದೇ ಪ್ರೊಸೆಸನ್ನು ಹಿಡಿದು, ಪಟ್ಟಿಯನ್ನು ಮತ್ತೆ ಓದಿ, ಅಷ್ಟರಲ್ಲಿ ಹುಟ್ಟಿದ ಹೊಸಬರನ್ನೂ ಹಿಡಿಯುತ್ತದೆ. ಹೊಸಬರು ಸಿಗದೇ ಹೋದಾಗ ಕೆಲಸ ಮುಗಿಯಿತು. ದಾರಿ ಬೇರೆಯಾದರೂ ಮೂವರ ಕ್ರಮವೂ ಒಂದೇ. ಕೇಳುವುದು, ಆಯಿತೇ ಎಂದು ನೋಡುವುದು, ಆಗದಿದ್ದರೆ ಇದ್ದ ಸ್ಥಿತಿಗೆ ಮರಳಿಸಿ ಸೋಲನ್ನು ತಿಳಿಸುವುದು.

2019ರಲ್ಲಿ ಬಂದ ಹೊಸ ಕಟ್ಟಡ

ಕರ್ನಲ್ಲಿನೊಳಗಿನ ಪರಿಹಾರವನ್ನು ಬರೆದವರು ಆಗ ಫೇಸ್‌ಬುಕ್‌ನಲ್ಲಿದ್ದ ರೋಮನ್ ಗುಷ್ಚಿನ್. 2019ರ ಜುಲೈನಲ್ಲಿ ಬಿಡುಗಡೆಯಾದ ಲಿನಕ್ಸ್ 5.2ರಲ್ಲಿ, ಸಿಗ್ರೂಪ್‌ನ ಎರಡನೇ ಆವೃತ್ತಿಗೆ ಹೊಸ ಫ್ರೀಜರ್ ಸೇರಿತು. ಲ್ಯಾಪ್‌ಟಾಪ್ ಮಲಗಿಸುವ ಹಳೆಯ ಯಂತ್ರಾಂಗವನ್ನು ಎರವಲು ತರುವುದನ್ನು ಅವರು ಬಿಟ್ಟರು. ನಿಲ್ಲಬೇಕಾದ ಪ್ರೊಸೆಸ್ ಈಗ ನಿಲ್ಲುವುದು ಕರ್ನಲ್ಲಿನ ಆಳದಲ್ಲೆಲ್ಲೋ ಅಲ್ಲ. ಸಂಕೇತಗಳನ್ನು ನೋಡಿಕೊಳ್ಳುವ ಜಾಗದಲ್ಲಿ. ಹಾಗಾಗಿ ನಿಂತಿರುವಾಗಲೇ ಅದನ್ನು ಕೊಲ್ಲಬಹುದು. ನಿಂತ ಗುಂಪಿಗೆ ಹೊಸ ಪ್ರೊಸೆಸ್ ಬಂದರೆ ಅದೂ ನಿಲ್ಲುತ್ತದೆ, ನಿಂತ ಗುಂಪಿನಿಂದ ಓಡುವ ಗುಂಪಿಗೆ ಸಾಗಿಸಿದರೆ ಓಡುತ್ತದೆ.

ಇನ್ನೊಂದು ಬದಲಾವಣೆ ಸಣ್ಣದಾಗಿ ಕಂಡರೂ ದೊಡ್ಡದು. ಆಜ್ಞೆ ಬರೆಯುವ ಕಡತ ಬೇರೆ, ಫಲ ಓದುವ ಕಡತ ಬೇರೆ. ‘ಸಿಗ್ರೂಪ್.ಫ್ರೀಜ್’ಗೆ 1 ಎಂದು ಬರೆಯುವುದು. ಎಲ್ಲರೂ ನಿಂತ ಮೇಲೆ ‘ಸಿಗ್ರೂಪ್.ಇವೆಂಟ್ಸ್’ ಕಡತದಲ್ಲಿ ‘ಫ್ರೋಜನ್ 1’ ಎಂದು ಕಾಣಿಸುತ್ತದೆ. ಬದಲಾದ ಕೂಡಲೇ ಕರ್ನಲ್ ಸೂಚನೆ ಕೊಡುವುದರಿಂದ ಸಾವಿರ ಸಲ ಇಣುಕಬೇಕಿಲ್ಲ. 2021ರ 5.14ನೇ ಆವೃತ್ತಿಯಲ್ಲಿ ‘ಸಿಗ್ರೂಪ್.ಕಿಲ್’ ಬಂದ ಮೇಲಂತೂ ಗುಂಪನ್ನು ಕೊಲ್ಲಲು ಮೊದಲು ನಿಲ್ಲಿಸುವ ಅಗತ್ಯವೂ ತಪ್ಪಿತು.

‘ಡಿ’ ಸ್ಥಿತಿಯ ಕಗ್ಗಂಟು ಮಾತ್ರ ಹೊಸ ಫ್ರೀಜರಿನಲ್ಲೂ ಬಿಡಿಸಿಲ್ಲ. ಡಿಸ್ಕಿನ ಉತ್ತರಕ್ಕೆ ಕಾಯುತ್ತಿರುವವನನ್ನು ಉತ್ತರ ಬರುವ ಮುಂಚೆ ಸುರಕ್ಷಿತವಾಗಿ ನಿಲ್ಲಿಸುವ ದಾರಿ ಇಲ್ಲ. ಆದ್ದರಿಂದ ಹೊಸ ಯಂತ್ರದಲ್ಲೂ ನಿಲುಗಡೆಗೆ ಒಂದು ಗಡುವು ಇಡಲೇಬೇಕು.

ಹೊಲದ ಫೋನಿಗೆ ಬಂದ ಫ್ರೀಜರ್

ಸರ್ವರ್‌ಗಳಿಗೆಂದು ಕಟ್ಟಿದ ಈ ಎರಡನೇ ಫ್ರೀಜರನ್ನು ಆಂಡ್ರಾಯ್ಡ್ 11ರ ಕಾಲದಿಂದ ಫೋನುಗಳು ಬಳಸತೊಡಗಿದವು. ಫೋನಿನಲ್ಲಿ ತೊಡಕು ಇನ್ನೊಂದು ಬಗೆಯದು. ಆ್ಯಪ್‌ಗಳು ‘ಬೈಂಡರ್’ ಎಂಬ ದಾರಿಯಲ್ಲಿ ಒಂದಕ್ಕೊಂದು ಕರೆ ಕಳಿಸುತ್ತವೆ. ನಿಂತಿರುವ ಆ್ಯಪ್‌ಗೆ ಕರೆ ಬಂದರೆ ಉತ್ತರ ಕೊಡುವವರಾರು? ಅದಕ್ಕೇ ನಿಲ್ಲಿಸುವ ಮೊದಲು ಬೈಂಡರ್‌ಗೆ ತಿಳಿಸಿ, ಬಾಕಿ ಕರೆಗಳು ಮುಗಿಯಲು ಅವಕಾಶ ಕೊಡುತ್ತಾರೆ. ಉತ್ತರಕ್ಕೆ ಕಾಯುವಂಥ ಕರೆ ನಿಂತ ಆ್ಯಪ್‌ಗೆ ಬಂದುಬಿಟ್ಟರೆ ಆ ಆ್ಯಪನ್ನೇ ಕೊನೆಗೊಳಿಸುತ್ತಾರೆ. ನಿಂತ ಆ್ಯಪ್ ಯಾವುದಾದರೂ ಕಡತಕ್ಕೆ ಬೀಗ ಹಾಕಿಟ್ಟು, ಅದಕ್ಕಾಗಿ ಬೇರೆಯವರು ಕಾಯುವಂತಾಗಿದ್ದರೆ ಅದನ್ನು ಮತ್ತೆ ಓಡಿಸುತ್ತಾರೆ.

ಇದರ ಪರಿಣಾಮ ತಿಕೋಟಾದ ಹೊಲದವರೆಗೂ ಮುಟ್ಟುತ್ತದೆ. 2020ರಿಂದ ಕರ್ನಾಟಕದ ರೈತರು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರಿನ ಬೆಳೆಯ ಫೋಟೊವನ್ನು ತಾವೇ ತೆಗೆದು ಕಳಿಸಬಹುದಾಗಿದೆ. ಇಂಥ ಯಾವುದೇ ಹೊಲದ ಆ್ಯಪನ್ನು ಬರೆಯುವವರು ಒಂದು ಸನ್ನಿವೇಶವನ್ನು ಎಣಿಸಲೇಬೇಕು. ಫೋಟೊ ಹೋಗುತ್ತಿದೆ, ನೆಟ್‌ವರ್ಕ್ ನಿಧಾನ, ಅಷ್ಟರಲ್ಲಿ ಫೋನ್ ಕರೆ ಬಂತು, ಆ್ಯಪ್ ಹಿನ್ನೆಲೆಗೆ ಹೋಯಿತು, ನಿಂತಿತು. ಇತ್ತ ಆ್ಯಪ್‌ಗೆ ಕಾಲ ಸರಿದದ್ದೇ ಗೊತ್ತಿಲ್ಲ. ಅತ್ತ ಸರ್ವರ್ ಕಾಯ್ದು ಸಂಪರ್ಕ ಕಡಿದಿದೆ. ಫೋಟೊ ಮತ್ತು ವಿವರಗಳನ್ನು ಕಳಿಸುವ ಮೊದಲೇ ಫೋನಿನಲ್ಲಿ ಉಳಿಸಿ, ಕಳಿಸುವ ಕೆಲಸವನ್ನು ಆಂಡ್ರಾಯ್ಡ್‌ನ ‘ವರ್ಕ್‌ಮ್ಯಾನೇಜರ್’ಗೆ ಒಪ್ಪಿಸಿದ್ದರೆ ನೆಟ್‌ವರ್ಕ್ ಸಿಕ್ಕಾಗ ಅದು ತಾನಾಗಿ ಮತ್ತೆ ಹೋಗುತ್ತದೆ. ಹಾಗೆ ಬರೆದಿಲ್ಲದಿದ್ದರೆ ರೈತನ ಅರ್ಧ ದಿನದ ಓಡಾಟ ವ್ಯರ್ಥ. ಮಳೆಯ ಮುನ್ಸೂಚನೆಯೂ ಹಾಗೆಯೇ. ಚಾಟ್ನಿ ಮಾಡಿದ (ಬಳ್ಳಿ ಸವರಿದ) ದ್ರಾಕ್ಷಿ ತೋಟಕ್ಕೆ ಅಕಾಲದ ಮಳೆ ಬಂದು ದಾವಣಿ ರೋಗ ತಗಲುವ ಭಯವಿರುವಾಗ, ಎಚ್ಚರಿಕೆ ತಡವಾಗಬಾರದು. ಆ್ಯಪ್ ತಾನೇ ಹಿನ್ನೆಲೆಯಲ್ಲಿ ಗಡಿಯಾರ ನೋಡುತ್ತ ಕೂರುತ್ತೇನೆ ಎಂದರೆ ನಡೆಯದು. ಆದ್ಯತೆಯ ಪುಶ್ ಸಂದೇಶವಾಗಿ ಬಂದರೆ ಫೋನ್ ಆ್ಯಪನ್ನು ಎಬ್ಬಿಸಿ ತೋರಿಸುತ್ತದೆ.

ನಮ್ಮ ಲ್ಯಾಬಿನಲ್ಲಿ ಮಾಡಿ ನೋಡುವುದು

ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ಬೇರೆ ಕಾಲೇಜುಗಳೂ ಇವೆ. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಪ್ರೊಸೆಸ್‌ನ ಸ್ಥಿತಿಗಳ ಚಿತ್ರವನ್ನು ಎಲ್ಲ ವಿದ್ಯಾರ್ಥಿಗಳೂ ಬರೆಯುತ್ತಾರೆ: ಹೊಸದು, ಸಿದ್ಧ, ಓಡುತ್ತಿದೆ, ಕಾಯುತ್ತಿದೆ, ಮುಗಿಯಿತು. ನಿಲ್ಲಿಸಿಟ್ಟ ಪ್ರೊಸೆಸ್, ಓಗೊಡದೆ ಕಾಯುವ ಪ್ರೊಸೆಸ್ ಆ ಐದು ವೃತ್ತಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವು ಎದುರಾಗುತ್ತವೆ.

ಮಾಡಿ ನೋಡಲು ದೊಡ್ಡ ಸರ್ವರ್ ಬೇಡ. ಉಬುಂಟು 22.04 ಅಥವಾ ಅದರ ನಂತರದ್ದು ಹಾಕಿದ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಎರಡನೇ ಸಿಗ್ರೂಪ್ ಮೊದಲೇ ಇರುತ್ತದೆ. ಸೆಕೆಂಡಿಗೊಂದು ಸಾಲಿನಂತೆ ವೇಳೆಯನ್ನು ಕಡತಕ್ಕೆ ಬರೆಯುವ ಪ್ರೋಗ್ರಾಂ ಒಂದನ್ನು ಕಂಟೇನರಿನಲ್ಲಿ ಓಡಿಸಿ, ‘ಡಾಕರ್ ಪಾಸ್’ ಕೊಟ್ಟು, ಒಂದು ನಿಮಿಷ ಬಿಟ್ಟು ‘ಅನ್‌ಪಾಸ್’ ಕೊಟ್ಟರೆ ಕಡತದಲ್ಲಿ ಆ ಒಂದು ನಿಮಿಷದ ಖಾಲಿ ಜಾಗ ಕಾಣುತ್ತದೆ. ನಂತರ ಅದೇ ಪ್ರೋಗ್ರಾಂ ನೆಟ್‌ವರ್ಕಿನಲ್ಲಿ ಮಾತಾಡುತ್ತಿರುವಾಗ ನಿಲ್ಲಿಸಿ, ಇನ್ನೊಂದು ತುದಿ ಎಷ್ಟು ಹೊತ್ತು ಸಹಿಸುತ್ತದೆ ಎಂದು ಅಳೆಯಬಹುದು. ಪ್ರೊಸೆಸ್‌ಗಳನ್ನು ಒಂದೇ ಸಮನೆ ಹುಟ್ಟಿಸುವ ಕಂಟೇನರನ್ನು ನಿಲ್ಲಿಸಿ, ‘ಫ್ರೋಜನ್ 1’ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ದಾಖಲಿಸಬಹುದು.

ಹಳೆಯ ವ್ಯವಸ್ಥೆ ಈಗ ಹಿಂದೆ ಸರಿಯುತ್ತಿದೆ. ಅದನ್ನು ನೆಚ್ಚಿದ್ದ ರೆಡ್ ಹ್ಯಾಟ್ 7ರ ನಿರ್ವಹಣೆ 2024ರ ಜೂನ್ 30ಕ್ಕೆ ಮುಗಿಯಿತು; ಅದೇ ವರ್ಷ ಕುಬರ್ನೆಟಿಸ್ 1.31ರಲ್ಲಿ ಹಳೆಯ ಸಿಗ್ರೂಪ್‌ಗೆ ಹೊಸದೇನನ್ನೂ ಸೇರಿಸುವುದಿಲ್ಲ ಎಂದು ತೀರ್ಮಾನಿಸಿದರು. ಆದರೂ ಕಚೇರಿ, ಕಾಲೇಜು, ಸಣ್ಣ ಕಂಪನಿಗಳಲ್ಲಿ ಹಳೆಯ ಯಂತ್ರಗಳನ್ನು ವರ್ಷಗಟ್ಟಲೆ ನಡೆಸುವುದು ವಾಡಿಕೆ. ಅಂಥ ಯಂತ್ರ ನೋಡಿಕೊಳ್ಳುವವರು ಮೊದಲು ಅದರಲ್ಲಿ ಯಾವ ಸಿಗ್ರೂಪ್ ಇದೆ ಎಂದು ಪರೀಕ್ಷಿಸಬೇಕು, ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ‘ನಿಲ್ಲಿಸು’ ಎಂದು ಬರೆದು ಮುಂದೆ ಹೋಗುತ್ತದೆಯೋ, ನಿಂತದ್ದನ್ನು ಓದಿ ನೋಡುತ್ತದೆಯೋ ಎಂದು ತೆರೆದು ನೋಡಬೇಕು, ಗಡುವು ಮೀರಿದರೆ ಮತ್ತೆ ಓಡಿಸುವ ಸಾಲು ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ರನ್‌ಸಿ, ಸ್ನ್ಯಾಪ್‌ಡಿ, ಸಿಆರ್‌ಐಯು, ಲಿನಕ್ಸ್ ಕರ್ನಲ್ ಎಲ್ಲದರ ಕೋಡೂ ಯಾರು ಬೇಕಾದರೂ ಓದುವಂತೆ ತೆರೆದಿದೆ. ಗೌತಮ್ ಶೆಣೈ ಅವರ 2007ರ ಪ್ಯಾಚ್, ಅದರ ಮೇಲಿನ ಚರ್ಚೆ ಕೂಡ ಕರ್ನಲ್ ಮೇಲಿಂಗ್ ಲಿಸ್ಟಿನ ಹಳೆಯ ಸಂಗ್ರಹದಲ್ಲಿ ಸಿಗುತ್ತವೆ. ವಿಜಯಪುರದ ಕೊನೆಯ ವರ್ಷದ ಪ್ರಾಜೆಕ್ಟ್ ತಂಡವೊಂದು ಇವನ್ನು ಸಾಲು ಸಾಲಾಗಿ ಓದಿ, ಅಳತೆ ತೆಗೆದು, ಕನ್ನಡದಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ತಂಡಕ್ಕೂ ಹಳೆಯ ಸರ್ವರ್ ನಡೆಸುವ ಊರಿನ ಕಚೇರಿಗಳಿಗೂ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ.